ಪ್ರೊಜೆಸ್ಟರಾನ್: ನುಂಗುವುದೋ, ಒಳಗಿಡುವುದೋ, ಚುಚ್ಚಿಸಿಕೊಳ್ಳುವುದೋ

ಐವಿಎಫ್‌ನಲ್ಲಿ (ದೇಹದ ಹೊರಗೆ ಗರ್ಭ ಕಟ್ಟಿಸುವ ಚಿಕಿತ್ಸೆ) ಭ್ರೂಣ ಇಟ್ಟ ಮೇಲೆ, ಗರ್ಭ ನಿಲ್ಲಲು ನೆರವಾಗುವ ಹಾರ್ಮೋನ್ ಪ್ರೊಜೆಸ್ಟರಾನ್ ಕ್ಯಾಪ್ಸೂಲನ್ನು ಯೋನಿಯೊಳಗೆ ಇಡಲು ಬರೆಸಿಕೊಂಡವರಿಂದ ನನಗೆ ಹೆಚ್ಚು ಬರುವ ಪ್ರಶ್ನೆ: "ಮೇಡಂ, ಎಣ್ಣೆ ಎಲ್ಲಾ ಹೊರಗೆ ಬಂತು, ಔಷಧಿ ಹೋಯ್ತಾ?" ಇಲ್ಲ. 200 ಮಿ.ಗ್ರಾಂ ಮೆತ್ತನೆಯ ಕ್ಯಾಪ್ಸೂಲಿನೊಳಗೆ ಔಷಧಿಯ ನುಣ್ಣನೆ ಪುಡಿ ಎಣ್ಣೆಯಲ್ಲಿ ಕಲೆತಿರುತ್ತದೆ. ಅರ್ಧ ಗಂಟೆ ಮಲಗಿದ್ದು ಆಮೇಲೆ ಸೋರಿದರೆ ಅದು ಬಹುಪಾಲು ಎಣ್ಣೆ ಮತ್ತು ಜೆಲಟಿನ್ ಸಿಪ್ಪೆ. ಇಟ್ಟ ಕೂಡಲೇ ಕ್ಯಾಪ್ಸೂಲ್ ಇಡಿಯಾಗಿ ಜಾರಿ ಬಿದ್ದರೆ ಮಾತ್ರ ಇನ್ನೊಂದು ಇಡಿ. ಪ್ಯಾಡ್ ಸರಿ, ಟ್ಯಾಂಪಾನ್ ಬೇಡ. ಅದು ಔಷಧಿಯನ್ನೇ ಕುಡಿದುಬಿಡುತ್ತದೆ.

ಅದೇ ಕ್ಯಾಪ್ಸೂಲ್ ನುಂಗಿದರೆ ಲಿವರ್ ಬಹುಪಾಲನ್ನು ಒಡೆದುಹಾಕುತ್ತದೆ. ರಕ್ತಕ್ಕೆ ಸೇರುವುದು ಶೇ. 10ಕ್ಕಿಂತ ಕಡಿಮೆ. ಒಡೆದ ಚೂರುಗಳು ಮೆದುಳಿಗೆ ಹೋಗಿ ತಲೆಸುತ್ತು, ತೂಕಡಿಕೆ ತರುತ್ತವೆ. ಯೋನಿಯಿಂದಾದರೆ ಲಿವರ್ ಮೊದಲು ಎದುರಾಗುವುದಿಲ್ಲ, ಸಾಕಷ್ಟು ಔಷಧಿ ನೇರ ಗರ್ಭಕೋಶಕ್ಕೇ ಸೇರುತ್ತದೆ. ಹಾಗಾಗಿ ಸ್ನಾಯುವಿಗೆ ಕೊಡುವ ಎಣ್ಣೆ ಇಂಜೆಕ್ಷನ್‌ಗಿಂತ ರಕ್ತದಲ್ಲಿ ಕಡಿಮೆ, ಗರ್ಭಕೋಶದ ಒಳಪದರದಲ್ಲಿ ಹೆಚ್ಚು. ಒಳಗಿಡುವವರ ರಕ್ತಪರೀಕ್ಷೆಯ ಅಂಕಿಯೊಂದನ್ನೇ ನೋಡಿ ಗಾಬರಿಯಾಗುವುದು ನನಗೆ ಸರಿಕಾಣುವುದಿಲ್ಲ.

ಯೋನಿಯೊಳಗೆ ಹಾಕುವ ಶೇ. 8ರ ಪ್ರೊಜೆಸ್ಟರಾನ್ ಜೆಲ್ ಬೇರೆ ಲೆಕ್ಕ. ಒಂದು ಅಪ್ಲಿಕೇಟರ್‌ನಲ್ಲಿ 90 ಮಿ.ಗ್ರಾಂ ಇದ್ದರೂ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಬಿಡುವುದರಿಂದ ಸಾಮಾನ್ಯವಾಗಿ ದಿನಕ್ಕೊಂದೇ ಸಾಕಾಗುತ್ತದೆ. ಕೆಲವು ದಿನಗಳಲ್ಲಿ ಬೀಳುವ ಬಿಳಿ ಗಂಟುಗಳು ಜೆಲ್ಲಿನ ಶೇಷ, ಸೋಂಕಲ್ಲ. ಫಂಗಸ್ ಕ್ರೀಮನ್ನೂ ಹಚ್ಚುವುದಿದ್ದರೆ ಎರಡರ ನಡುವೆ 6 ಗಂಟೆ ಅಂತರ ಬಿಡಿ.

ಎಷ್ಟು ಆಳಕ್ಕೆ ಇಡುತ್ತೀರಿ ಎಂಬುದೂ ಮುಖ್ಯ. ಕೈ ತೊಳೆದು, ಮಲಗಿ ಮಂಡಿ ಮಡಚಿ, ಬೆರಳು ಆರಾಮಾಗಿ ಹೋಗುವಷ್ಟು ಒಳಗೆ ತಳ್ಳಿ. ಮೇಲ್ಭಾಗದಲ್ಲಿಟ್ಟದ್ದು ಗರ್ಭಕೋಶದ ಕಡೆ ಹೆಚ್ಚು ಹೋಗುತ್ತದೆ. ಯೋನಿಯ ಬಾಯಿಯ ಹತ್ತಿರದ್ದು ಮೂತ್ರನಾಳದ ಸುತ್ತ. ಮುಟ್ಟು ನಿಂತವರಿಗೆ ಉರಿಮೂತ್ರಕ್ಕೆಂದು ಈಸ್ಟ್ರೋಜೆನ್ ಎಂಬ ಇನ್ನೊಂದು ಹಾರ್ಮೋನಿನ ಕ್ರೀಮ್ ಕೊಡುವಾಗ ಇದೇ ಕಾರಣಕ್ಕೆ ಬಾಯಿಯ ಬಳಿಯೇ ಹಚ್ಚಲು ಹೇಳುತ್ತೇನೆ. ಅವರಲ್ಲಿ ಒಳಗೆ ತೇವ ಕಡಿಮೆ, ಒಣ ಮಾತ್ರೆ ಕರಗುವುದು ತಡವಾಗಬಹುದು, ಹಾಗಾಗಿ ನನಗೆ ಕ್ರೀಮೇ ಇಷ್ಟ. ಅವರ ಯೋನಿಯ ತೆಳುವಾದ ಪದರ ಮೊದಮೊದಲು ಈಸ್ಟ್ರೋಜೆನ್ನನ್ನು ಜಾಸ್ತಿ ಹೀರಿ, ದಪ್ಪಗಾದಂತೆ ಕಡಿಮೆ ಮಾಡುತ್ತದೆ.

ಪ್ರೊಜೆಸ್ಟರಾನ್ ಇಡುವವರಿಗೆ ರಕ್ತಸ್ರಾವ ಶುರುವಾದರೆ ಒಳಗಿಟ್ಟದ್ದು ತೊಳೆದು ಹೋಗಬಹುದು. ಆಗ ನಾನು ಇಂಜೆಕ್ಷನ್‌ಗೆ ಬದಲಿಸುತ್ತೇನೆ, ಪೃಷ್ಠ ನೋಯುತ್ತದೆಂದು ಗೊತ್ತಿದ್ದೂ. ಡಾಕ್ಟರಿಗೆ ಹೇಳದೆ ನೀವಾಗಿಯೇ ನಿಲ್ಲಿಸಬೇಡಿ.