ವಿಂಡೋಸ್ 10 ಮುಗಿದರೆ ಕಂಪ್ಯೂಟರ್ ಯಾಕೆ ಎಸೆಯಬೇಕು?

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟೆಕ್ ಸುದ್ದಿಗಳಲ್ಲೆಲ್ಲ ಒಂದೇ ರಾಗ: ನಿಮ್ಮ ಹಳೇ ಪಿಸಿ ಕತೆ ಮುಗೀತು, ಹೊಸದು ತಗೊಳ್ಳಿ. ಕ್ಯಾನಲಿಸ್ ಅನ್ನೋ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರಲ್ಲೇ ಅಂದಾಜು ಹಾಕಿತ್ತು, ಇದರಿಂದ 24 ಕೋಟಿ ಕಂಪ್ಯೂಟರ್‌ಗಳು ಕಸಕ್ಕೆ ಹೋಗಬಹುದು ಅಂತ. ಓದಿದಾಗ ಹೊಟ್ಟೆ ಉರಿಯುತ್ತದೆ. ಅವುಗಳಲ್ಲಿ ಎಷ್ಟೋ ಇನ್ನೂ ಗಟ್ಟಿಮುಟ್ಟಾಗಿವೆ. ಕೆಟ್ಟಿರೋದು ಯಂತ್ರ ಅಲ್ಲ, ಅದಕ್ಕೆ ಅಪ್‌ಡೇಟ್ ಕೊಡೋದನ್ನ ಒಂದು ಕಂಪನಿ ನಿಲ್ಲಿಸಿದೆ, ಅಷ್ಟೇ.

ಹಾಗಂತ ಏನೂ ಮಾಡದೆ ಕೂರೋದೂ ಸರಿಯಲ್ಲ. ಹೊಸದಾಗಿ ಸಿಗುವ ಭದ್ರತಾ ಲೋಪಗಳಿಗೆ ಪ್ಯಾಚ್ (ಲೋಪ ಮುಚ್ಚೋ ಅಪ್‌ಡೇಟ್) ಬರದ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡಬಾರದು. ಯೋಚಿಸೋಕೆ ಸಮಯ ಬೇಕಿದ್ದರೆ ಮೈಕ್ರೋಸಾಫ್ಟ್ ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಕೊಡುತ್ತಿದೆ, 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಹೆಸರು ನೋಂದಾಯಿಸೋ ಲಿಂಕ್ ಇರುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ಮೊದಲು ಅದನ್ನ ಮಾಡಿಬಿಡಿ, ಆಮೇಲೆ ನಿಧಾನವಾಗಿ ಮುಂದಿನ ಕೆಲಸ.

ಎರಡನೇದು, ನಿಮ್ಮ ಪಿಸಿಗೆ ವಿಂಡೋಸ್ 11 ನಿಜಕ್ಕೂ ಆಗೋದಿಲ್ವಾ ಅಂತ ಖಚಿತ ಮಾಡಿಕೊಳ್ಳಿ. ಅದಕ್ಕೆ ಬೇಕಿರೋದು ಮುಖ್ಯವಾಗಿ ಎರಡು: ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಪೀಳಿಗೆ ಅಥವಾ ಎಎಂಡಿಯಲ್ಲಿ ರೈಜೆನ್ 2000 ಸರಣಿ ಮತ್ತು ಆಮೇಲಿನ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ. ಎಷ್ಟೋ ಜನರಿಗೆ 'ನಿಮ್ಮ ಪಿಸಿ ಅರ್ಹವಲ್ಲ' ಅಂತ ಬರೋದು ಟಿಪಿಎಂ ಇಲ್ಲದ್ದಕ್ಕಲ್ಲ, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗೋ ಮೊದಲೇ ತೆರೆಯೋ ಯಂತ್ರದ ಸೆಟ್ಟಿಂಗ್ಸ್) ಅದು ಆಫ್ ಆಗಿರೋದಕ್ಕೆ. ಅಲ್ಲಿ ಅದರ ಹೆಸರು ಟಿಪಿಎಂ ಅಂತಲೇ ಇರುತ್ತೆ ಅಂತೇನಿಲ್ಲ. ಇಂಟೆಲ್ ಬೋರ್ಡ್‌ಗಳಲ್ಲಿ ಪಿಟಿಟಿ ಅಂತ ಹುಡುಕಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ. ಆನ್ ಮಾಡಿ, ಸೇವ್ ಮಾಡಿ, ಮತ್ತೆ ಪರೀಕ್ಷಿಸಿ. ಇಷ್ಟರಲ್ಲೇ ಕೆಲಸ ಮುಗಿಯಬಹುದು.

ಅರ್ಹತೆಯೇ ಇಲ್ಲದ ಪಿಸಿಗೆ ರೂಫಸ್ (ಬೂಟ್ ಆಗೋ ಪೆನ್‌ಡ್ರೈವ್ ತಯಾರಿಸೋ ಪ್ರೋಗ್ರಾಂ) ಬಳಸಿ ಬಲವಂತವಾಗಿ ವಿಂಡೋಸ್ 11 ಹಾಕೋ ದಾರಿ ಇದೆ, ಅದು ನಡೆಯುತ್ತೆ ಕೂಡ. ನಾನು ಬೇಡ ಅಂತೀನಿ. ಅಂಥ ಪಿಸಿಗೆ ಅಪ್‌ಡೇಟ್ ಬಂದೇ ಬರುತ್ತೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡೋದಿಲ್ಲ. ಭದ್ರತೆಗೋಸ್ಕರ ಇಷ್ಟೆಲ್ಲ ಮಾಡಿ ಕೊನೆಗೆ ಅದೇ ಇಲ್ಲ ಅಂದರೆ ಏನು ಪ್ರಯೋಜನ?

ಉಳಿದದ್ದು ಲಿನಕ್ಸ್, ವಿಂಡೋಸ್ ಬದಲು ಹಾಕಬಹುದಾದ ಉಚಿತ ಓಎಸ್ (ಆಪರೇಟಿಂಗ್ ಸಿಸ್ಟಂ). 'ಈ ವರ್ಷ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ವರ್ಷ' ಅನ್ನೋ ಜೋಕ್ ಎರಡು ದಶಕದಿಂದ ಓಡ್ತಾ ಇದೆ. ಪಕ್ಕಕ್ಕಿಡಿ ಅದನ್ನ. ಜಗತ್ತು ಯಾವ ವರ್ಷ ಏನು ಬಳಸುತ್ತೆ ಅನ್ನೋದು ನಿಮ್ಮ ಮೇಜಿನ ಮೇಲಿರೋ ಪಿಸಿಗೆ ಸಂಬಂಧವಿಲ್ಲದ ಮಾತು. ನಿಮ್ಮ ಕೆಲಸ ಬ್ರೌಸರ್, ಇಮೇಲ್, ಪತ್ರ, ಲೆಕ್ಕ, ಫೋಟೋ, ವಿಡಿಯೋ ಆಗಿದ್ದರೆ ಲಿನಕ್ಸ್ ಸಾಕು, ಆರಾಮಾಗಿ ಸಾಕು. ಆದರೆ ಫೋಟೋಶಾಪ್ ನಿಮ್ಮ ಹೊಟ್ಟೆಪಾಡಾಗಿದ್ದರೆ, ಅಥವಾ ಮ್ಯಾಕ್ರೋ ತುಂಬಿದ ಎಕ್ಸೆಲ್ ಫೈಲ್‌ಗಳ ಮೇಲೆ ನಿಮ್ಮ ಆಫೀಸ್ ನಿಂತಿದ್ದರೆ ಇಲ್ಲೇ ನಿಲ್ಲಿ. ಲಿನಕ್ಸ್‌ನಲ್ಲಿ ಸಿಗೋ ಉಚಿತ ಲಿಬ್ರೆಆಫೀಸ್ ಒಳ್ಳೇದು, ಆದರೆ ಅದು ಎಕ್ಸೆಲ್ ಅಲ್ಲ. ಆಟಗಳ ವಿಷಯದಲ್ಲಿ ಪರಿಸ್ಥಿತಿ ಬಹಳ ಸುಧಾರಿಸಿದೆ. ಆಟಗಳ ಕಂಪನಿ ವಾಲ್ವ್ 2018ರಲ್ಲಿ, ವಿಂಡೋಸ್ ಆಟಗಳನ್ನ ಲಿನಕ್ಸ್‌ನಲ್ಲಿ ಓಡಿಸೋ ಪ್ರೋಟಾನ್ ಬಿಟ್ಟ ಮೇಲೆ, ಅದರಲ್ಲೂ 2022ರಲ್ಲಿ ಅದರದ್ದೇ ಲಿನಕ್ಸ್ ಗೇಮಿಂಗ್ ಸಾಧನ ಸ್ಟೀಮ್ ಡೆಕ್ ಬಂದ ಮೇಲೆ, ವಿಂಡೋಸ್ ಆಟಗಳಲ್ಲಿ ಬಹುಪಾಲು ಲಿನಕ್ಸ್‌ನಲ್ಲೂ ಓಡುತ್ತವೆ. ವ್ಯಾಲರಂಟ್, ಫೋರ್ಟ್‌ನೈಟ್‌ನಂಥ ಕೆಲವು ಆಟ ಮಾತ್ರ ಓಡೋದಿಲ್ಲ. ಅವುಗಳ ಮೋಸ ತಡೆಯುವ ವ್ಯವಸ್ಥೆ ಲಿನಕ್ಸನ್ನ ಒಪ್ಪುವುದಿಲ್ಲ.

ಸರಿ, ಹಾಕೋಣ ಅಂತ ತೀರ್ಮಾನಿಸಿದಿರಿ. ಲಿನಕ್ಸ್‌ನಲ್ಲಿ ಬಗೆ ಬಗೆ ಇವೆ, ಯಾವುದು ಅಂತ ಕೇಳಿದರೆ ವಾರಗಟ್ಟಲೆ ಜಗಳ ಆಡೋ ಜನ ಸಿಗ್ತಾರೆ. ಮಿಂಟ್ ತಗೊಳ್ಳಿ. ವಿಂಡೋಸ್‌ನಿಂದ ಬಂದವರಿಗೆ ಮೆನು ಎಲ್ಲಿ, ಗಡಿಯಾರ ಎಲ್ಲಿ, ಫೈಲ್ ಎಲ್ಲಿ ಅನ್ನೋ ಗೊಂದಲವೇ ಆಗೋದಿಲ್ಲ. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ. ಬೇರೆಯದು ನೋಡೋ ಆಸೆ ಇದ್ದರೆ ಆರು ತಿಂಗಳು ಬಿಟ್ಟು ನೋಡಿ.

ಇದಕ್ಕೂ ಮೊದಲು ಹಾರ್ಡ್‌ವೇರ್ ಬಗ್ಗೆ ಒಂದು ಮಾತು, ಯಾಕಂದರೆ ಅತೀ ಹೆಚ್ಚು ಫಲ ಸಿಗೋದು ಇಲ್ಲೇ. ನಿಮ್ಮ ಪಿಸಿಯಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಯಾವ ಓಎಸ್ ಹಾಕಿದರೂ ಅದು ತೆವಳುತ್ತೆ. ಲೆಕ್ಕ ನೋಡಿ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು 8 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ತಗೊಳ್ಳುತ್ತೆ. ಬೇಕಾದ ಜಾಗ ಡಿಸ್ಕಿನ ಓದುವ ತಲೆಯ (ಹೆಡ್) ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆ ಆ ಟ್ರ್ಯಾಕ್‌ಗೆ ಸರಿಯೋ ಸಮಯ ಬೇರೆ. ಹೀಗಾಗಿ ಚದುರಿ ಬಿದ್ದಿರೋ ಸಣ್ಣ ಫೈಲ್‌ಗಳನ್ನ ಓದುವಾಗ ಸೆಕೆಂಡಿಗೆ ನೂರರ ಆಸುಪಾಸು ಓದು ಆದರೆ ಹೆಚ್ಚು. ಎಸ್‌ಎಸ್‌ಡಿಯಲ್ಲಿ (ಚಿಪ್‌ಗಳಲ್ಲಿ ಫೈಲ್ ಇಡೋ ಡ್ರೈವ್) ತಿರುಗೋದು ಏನೂ ಇಲ್ಲ, ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಅದೇ ಕೆಲಸವನ್ನ ಸಾವಿರಾರು ಸಲ ಮಾಡುತ್ತೆ. ಕಂಪ್ಯೂಟರ್ ಆನ್ ಆಗುವಾಗ ನಡೆಯೋದು ಇಂಥ ಸಣ್ಣ ಸಣ್ಣ ಓದೇ. ಅದಕ್ಕೇ ಹತ್ತು ವರ್ಷದ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿದ ತಕ್ಷಣ ಅದು ಬೇರೆ ಯಂತ್ರದ ಹಾಗೆ ಓಡೋದು. ಹಳೇ ಲ್ಯಾಪ್‌ಟಾಪ್‌ಗಳಲ್ಲಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಮಾನ್ಯವಾಗಿ ಹಳೇ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತೆ. ರ‍್ಯಾಮ್ ಸೇರಿಸೋದಾದರೆ ಡಿಡಿಆರ್3, ಡಿಡಿಆರ್4 ಯಾವುದು ಅಂತ ಮೊದಲು ನೋಡಿ. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತೆ, ಒಂದರ ಜಾಗದಲ್ಲಿ ಇನ್ನೊಂದು ಕೂರೋದಿಲ್ಲ.

ಹಳೇ ಡಿಸ್ಕ್ ತೆಗೆದು ಹೊಸ ಎಸ್‌ಎಸ್‌ಡಿ ಹಾಕೋದರಲ್ಲಿ ಇನ್ನೊಂದು ಲಾಭ ಇದೆ: ಹಳೇ ವಿಂಡೋಸ್ ಅದರ ಡಿಸ್ಕಿನಲ್ಲಿ ಹಾಗೇ ಸುರಕ್ಷಿತವಾಗಿ ಉಳಿಯುತ್ತೆ, ಬೇಡ ಅನಿಸಿದರೆ ಮತ್ತೆ ಅದನ್ನೇ ಹಾಕಿಕೊಳ್ಳಬಹುದು.

ಆದರೂ ಬ್ಯಾಕಪ್ ಮಾಡಲೇಬೇಕು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತೆ. ಮರೆಯೋದು ಡೆಸ್ಕ್‌ಟಾಪ್ ಮೇಲೆ ಹರಡಿದ ಫೈಲ್‌ಗಳು, ಡೌನ್‌ಲೋಡ್ಸ್, ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳು. ಒನ್‌ಡ್ರೈವ್ ಬಳಸ್ತಿದ್ದರೆ ಜಾಗ್ರತೆ. ಫೈಲ್ ಪಕ್ಕ ಮೋಡದ ಚಿತ್ರ ಇದ್ದರೆ ಆ ಫೈಲ್ ನಿಮ್ಮ ಡಿಸ್ಕಿನಲ್ಲಿ ಇಲ್ಲ, ಹೆಸರು ಮಾತ್ರ ಕಾಣ್ತಾ ಇದೆ. ಅಂಥದ್ದನ್ನ ಮೊದಲು ಇಳಿಸಿಕೊಂಡು ಆಮೇಲೆ ಹೊರಗಿನ ಡ್ರೈವ್‌ಗೆ ಕಾಪಿ ಮಾಡಿ. ಕಾಪಿ ಆದ ಮೇಲೆ ನಾಲ್ಕಾರು ಫೈಲ್ ತೆರೆದು ನೋಡಿ. ಸುಮ್ನೆ ಕಾಪಿ ಆಯ್ತು ಅಂತ ನಂಬೋದು ಬ್ಯಾಕಪ್ ಅಲ್ಲ.

ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ ಏನಾದರೂ ಬದಲಾದರೆ ವಿಂಡೋಸ್ ಅದನ್ನ ಕೇಳಬಹುದು, ಕೊಡೋಕೆ ಆಗದಿದ್ದರೆ ಒಳಗಿರೋ ಎಲ್ಲಾ ಹೋಯ್ತು ಅಂತಲೇ ಅರ್ಥ. ಟಿಪಿಎಂ ಆನ್ ಮಾಡೋಕೆ ಬಯಾಸ್‌ಗೆ ಹೋಗೋ ಮೊದಲೂ ಈ ಕೀ ಕೈಯಲ್ಲಿರಲಿ.

ಈಗ ಪೆನ್‌ಡ್ರೈವ್. 8 ಜಿಬಿ ಸಾಕು, ಅದರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ. ಮಿಂಟ್‌ನ ಅಧಿಕೃತ ಸೈಟಿನಿಂದ ಐಎಸ್‌ಒ ಫೈಲ್ (ಇಡೀ ಮಿಂಟ್ ತುಂಬಿದ ಒಂದೇ ಫೈಲ್) ಇಳಿಸಿ, ರೂಫಸ್ ತೆರೆದು, ಪೆನ್‌ಡ್ರೈವ್ ಮತ್ತು ಫೈಲ್ ಆರಿಸಿ ಸ್ಟಾರ್ಟ್ ಒತ್ತಿದರೆ ಆಯ್ತು. ನಡುವೆ ಒಂದು ಹೆಜ್ಜೆ ಇದೆ, ಎಲ್ಲರೂ ಹಾರಿಸೋ ಹೆಜ್ಜೆ: ಇಳಿಸಿದ ಫೈಲಿನ ಚೆಕ್‌ಸಮ್ (ಫೈಲ್ ಬದಲಾಗಿದೆಯಾ ಅಂತ ತಿಳಿಸೋ ಗುರುತಿನ ಸಂಕೇತ) ತಾಳೆ ನೋಡೋದು. 2016ರ ಫೆಬ್ರವರಿ 20ರಂದು ಮಿಂಟ್‌ನ ಸೈಟನ್ನೇ ಹ್ಯಾಕ್ ಮಾಡಿ, ಡೌನ್‌ಲೋಡ್ ಲಿಂಕ್ ಬದಲಿಸಿ, ಹಿಂಬಾಗಿಲು ಇಟ್ಟ ಐಎಸ್‌ಒ ಹಂಚಿದ್ದರು. ಮಿಂಟ್ ತಂಡ ತಕ್ಷಣ ಅದನ್ನ ಬಹಿರಂಗವಾಗಿ ಹೇಳಿತು, ಅದಕ್ಕೆ ನಾನು ಅವರನ್ನ ಮೆಚ್ಚುತ್ತೇನೆ. ಸೈಟೇ ಕೆಟ್ಟವರ ಕೈಗೆ ಸಿಕ್ಕರೆ ಅಲ್ಲಿರೋ ಚೆಕ್‌ಸಮ್ಮನ್ನೂ ಬದಲಿಸಬಹುದು ಅನ್ನೋದು ನಿಜ, ಅದಕ್ಕೇ ಆ ಚೆಕ್‌ಸಮ್ ಪಟ್ಟಿಗೆ ಡಿಜಿಟಲ್ ಸಹಿಯೂ ಇದೆ. ಎರಡನ್ನೂ ನೋಡೋ ಕ್ರಮ ಅವರ ಇನ್‌ಸ್ಟಾಲೇಶನ್ ಗೈಡಿನಲ್ಲಿದೆ. ಕೆಲವು ನಿಮಿಷದ ಕೆಲಸ, ಮಾಡಿ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡೋಕೆ ಆನ್ ಆಗುವಾಗ ಯಾವ ಕೀ ಒತ್ತಬೇಕು ಅನ್ನೋದು ತಯಾರಕರ ಮೇಲೆ ಹೋಗುತ್ತೆ: ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಸಿಗದಿದ್ದರೆ ವಿಂಡೋಸ್ ಒಳಗಿಂದಲೇ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಕ್ಲಿಕ್ ಮಾಡಿ, ಬರೋ ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಆರಿಸಿ.

ಮಿಂಟ್ ಈಗ ಪೆನ್‌ಡ್ರೈವ್‌ನಿಂದಲೇ ಓಡುತ್ತೆ. ಡಿಸ್ಕಿನಲ್ಲಿ ಇನ್ನೂ ಏನೂ ಬದಲಾಗಿಲ್ಲ. ಇನ್‌ಸ್ಟಾಲ್ ಬಟನ್ ಕಣ್ಣೆದುರೇ ಇರುತ್ತೆ, ಒತ್ತಬೇಡಿ. ಇಲ್ಲಿ ಒಂದು ಗಂಟೆ ಕಳೆಯಿರಿ. ವೈಫೈ ಹಿಡಿಯುತ್ತಾ? ಸ್ಪೀಕರ್, ಹೆಡ್‌ಫೋನ್ ಎರಡರಲ್ಲೂ ಶಬ್ದ ಬರುತ್ತಾ? ಕ್ಯಾಮೆರಾ, ಮೈಕ್, ಬ್ಲೂಟೂತ್, ಬ್ರೈಟ್‌ನೆಸ್ ಕೀಗಳು, ಪ್ರಿಂಟರ್? ಎಲ್ಲಕ್ಕಿಂತ ಮುಖ್ಯವಾಗಿ ಲ್ಯಾಪ್‌ಟಾಪ್ ಮುಚ್ಚಿ ಒಂದೆರಡು ನಿಮಿಷ ಬಿಟ್ಟು ತೆರೆಯಿರಿ. ಪರದೆ ಎದ್ದು ಬರಬೇಕು, ವೈಫೈ ತಾನಾಗೇ ಮತ್ತೆ ಸೇರಬೇಕು, ಶಬ್ದ ಮೊದಲಿನ ಹಾಗೇ ಬರಬೇಕು. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಮುಗ್ಗರಿಸೋದು ಜಾಸ್ತಿ ಈ ನಿದ್ದೆ ವಿಷಯದಲ್ಲೇ, ಮತ್ತೆ ಹೊಗಳಿ ಬರೆಯೋ ಲೇಖನಗಳಲ್ಲಿ ಯಾರೂ ಇದನ್ನ ಪರೀಕ್ಷೆ ಮಾಡಿ ಹೇಳೋದಿಲ್ಲ.

ವೈಫೈ ಬರದಿದ್ದರೆ ಗಾಬರಿ ಬೇಡ. ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಡ್ರೈವರ್ ಬೇರೆಯಾಗಿ ಹಾಕಬೇಕು. ಫೋನನ್ನ ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ ಟೆದರಿಂಗ್ ಆನ್ ಮಾಡಿದರೆ ಇಂಟರ್‌ನೆಟ್ ಸಿಗುತ್ತೆ, ಆಗ ಡ್ರೈವರ್ ಮ್ಯಾನೇಜರ್ ತೆರೆದರೆ ಅದೇ ಹುಡುಕಿ ಕೊಡುತ್ತೆ. ಎನ್‌ವಿಡಿಯಾ ಕಾರ್ಡ್ ಇದ್ದು ಪರದೆ ಕಪ್ಪಾಗಿ ನಿಂತರೆ, ಪೆನ್‌ಡ್ರೈವ್ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

ಎಲ್ಲಾ ಸರಿಯಾಗಿದ್ದರೆ ಈಗ ಇನ್‌ಸ್ಟಾಲ್. ಖಾಲಿ ಎಸ್‌ಎಸ್‌ಡಿ ಇದ್ದರೆ 'ಎರೇಸ್ ಡಿಸ್ಕ್' ಆರಿಸಿ ಮುಂದೆ ಹೋಗಿ. ಎರಡು ಡಿಸ್ಕ್ ಇದ್ದರೆ ಯಾವುದು ಅಳಿಯುತ್ತೆ ಅನ್ನೋದನ್ನ ಅದರ ಗಾತ್ರ ನೋಡಿ ಗುರುತಿಸಿ, ಇನ್ನೂ ಒಳ್ಳೇದು ಅಂದರೆ ಹಳೇದರ ಕೇಬಲ್ ಕಿತ್ತಿಡಿ. ಒಂದೇ ಡಿಸ್ಕಿನಲ್ಲಿ ವಿಂಡೋಸ್ ಜೊತೆಗೇ ಹಾಕೋದಾದರೆ ಮೊದಲು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದಾಗ ಶಟ್‌ಡೌನ್ ಅನ್ನೋದು ಪೂರ್ತಿ ಶಟ್‌ಡೌನ್ ಅಲ್ಲ, ಅರ್ಧ ನಿದ್ದೆ, ಹಾಗಾಗಿ ಲಿನಕ್ಸ್ ಆ ಪಾರ್ಟಿಶನ್‌ಗೆ (ವಿಂಡೋಸ್ ಇರೋ ಡಿಸ್ಕಿನ ಭಾಗ) ಬರೆಯೋಕೆ ಹೋಗೋದಿಲ್ಲ. ಪಾರ್ಟಿಶನ್ ಚಿಕ್ಕದು ಮಾಡೋ ಕೆಲಸವನ್ನೂ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮುಗಿಸಿ.

ಇನ್‌ಸ್ಟಾಲ್ ನಡುವೆ ಮಲ್ಟಿಮೀಡಿಯಾ ಕೋಡೆಕ್ಸ್ (ಹಾಡು, ವಿಡಿಯೋ ಓಡಿಸೋಕೆ ಬೇಕಾದ ಸಾಫ್ಟ್‌ವೇರ್) ಬೇಕಾ ಅಂತ ಕೇಳುತ್ತೆ. ಬೇಕು ಅನ್ನಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಶುರುವಾಗದಂತೆ ತಡೆಯೋ ಸೆಟ್ಟಿಂಗ್) ಆನ್ ಇದ್ದರೆ ಒಂದು ಪಾಸ್‌ವರ್ಡ್ ಇಡೋಕೆ ಹೇಳುತ್ತೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತೆ. ವಿಂಡೋಸ್‌ನ ನೀಲಿ ಪರದೆ ನೋಡಿ ಹೆದರಿದವರು ಇಲ್ಲೂ ಹೆದರಿ ಪವರ್ ಬಟನ್ ಒತ್ತಿಬಿಡ್ತಾರೆ. ಇದು ದೋಷ ಅಲ್ಲ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಎಂಒಕೆ' ಆರಿಸಿ, ನೀವು ಇಟ್ಟ ಅದೇ ಪಾಸ್‌ವರ್ಡ್ ಕೊಡಿ. ಇದನ್ನ ತಪ್ಪಿಸಿಕೊಂಡರೆ ಮಿಂಟ್ ಓಡುತ್ತೆ, ಆದರೆ ಎನ್‌ವಿಡಿಯಾದಂಥ ಹೊರಗಿನ ಡ್ರೈವರ್‌ಗಳು ಕೆಲಸ ಮಾಡೋದಿಲ್ಲ, ಯಾಕೆ ಅಂತ ಗೊತ್ತಾಗದೆ ತಲೆ ಕೆಡಿಸಿಕೊಳ್ಳಬೇಕಾಗುತ್ತೆ.

ಒಳಗೆ ಬಂದ ಮೇಲೆ ಮೊದಲು ಅಪ್‌ಡೇಟ್ ಮ್ಯಾನೇಜರ್, ಆಮೇಲೆ ಟೈಮ್‌ಶಿಫ್ಟ್. ಟೈಮ್‌ಶಿಫ್ಟ್ ಸಿಸ್ಟಮ್‌ನ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳುತ್ತೆ, ಯಾವುದೋ ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಹೋಗಬಹುದು. ನಿಮ್ಮ ಫೋಟೋ, ಪತ್ರಗಳನ್ನ ಅದು ಕಾಯೋದಿಲ್ಲ, ಅದಕ್ಕೆ ಹೊರಗಿನ ಡ್ರೈವ್ ಬ್ಯಾಕಪ್ ಮುಂದುವರಿಸಿ. ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ ಸೇರಿಸಿ, ಕಗಪ ಹೆಸರಿನದ್ದೂ ಅಲ್ಲೇ ಇದೆ. ಎರಡು ಓಎಸ್ ಇಟ್ಟುಕೊಂಡವರಿಗೆ ಗಡಿಯಾರ ಗಂಟೆಗಟ್ಟಲೆ ಹಿಂದೆ ಮುಂದೆ ಆಗಬಹುದು. ಯಂತ್ರದ ಗಡಿಯಾರವನ್ನ ವಿಂಡೋಸ್ ಸ್ಥಳೀಯ ಸಮಯ ಅಂತ ಓದುತ್ತೆ, ಲಿನಕ್ಸ್ ಯುಟಿಸಿ (ವಿಶ್ವ ಸಮಯ) ಅಂತ ಓದುತ್ತೆ. ಒಂದು ಕಡೆ ಬದಲಿಸಿದರೆ ಸರಿಹೋಗುತ್ತೆ.

ಇಷ್ಟಾದ ಮೇಲೂ ಎಲ್ಲೋ ಸಿಕ್ಕಿಹಾಕಿಕೊಂಡರೆ ಕೇಳಿ, ಮಿಂಟ್ ಬಳಸೋರು ಸಾಮಾನ್ಯವಾಗಿ ತಾಳ್ಮೆಯಿಂದ ಉತ್ತರ ಕೊಡ್ತಾರೆ. ಆದರೆ 'ವೈಫೈ ಬರ್ತಿಲ್ಲ, ಸಹಾಯ ಮಾಡಿ' ಅಂತಷ್ಟೇ ಬರೆದರೆ ಯಾರಿಗೂ ಏನೂ ಮಾಡೋಕಾಗಲ್ಲ. ಮೆನುವಿನಲ್ಲಿ ಸಿಸ್ಟಮ್ ಅಂತ ಟೈಪ್ ಮಾಡಿದರೆ ನಿಮ್ಮ ಹಾರ್ಡ್‌ವೇರಿನ ಪೂರ್ತಿ ವಿವರ ತೋರಿಸೋ ಆ್ಯಪ್ ಸಿಗುತ್ತೆ, ಅದನ್ನ ಕಾಪಿ ಮಾಡಿ ಪ್ರಶ್ನೆಯ ಜೊತೆ ಹಾಕಿ. ಏನು ಮಾಡಿದಾಗ ಕೆಟ್ಟಿತು, ಪೆನ್‌ಡ್ರೈವ್‌ನಿಂದ ಓಡಿಸಿದಾಗ ಸರಿಯಿತ್ತಾ, ಪರದೆಯ ಮೇಲೆ ಬಂದ ಸಂದೇಶ ಏನು, ಈ ಮೂರನ್ನೂ ಬರೆಯಿರಿ. ಅಷ್ಟು ವಿವರ ಇದ್ದರೆ ಎಷ್ಟೋ ಸಲ ಮೊದಲ ಉತ್ತರದಲ್ಲೇ ಕೆಲಸ ಆಗಿಬಿಡುತ್ತೆ.