ಸ್ಪ್ರೇ ಬಿಟ್ಟು ಚಗಳಿ ಸಾಕಿದೆ: ಗೇರು ಗುಡ್ಡೆಯ ನನ್ನ ಅನುಭವ

ನನ್ನ ಎರಡೂವರೆ ಎಕರೆ ಗೇರು ಗುಡ್ಡೆಗೆ ಟೀ ಸೊಳ್ಳೆ (ಹೆಸರಿಗೆ ಸೊಳ್ಳೆ, ಚಿಗುರು-ಹೂವಿನ ರಸ ಹೀರುವ ಕೀಟ) ಔಷಧಿ ಹೊಡೆಯದೆ ಇದು ಮೂರನೇ ಫಸಲು. ಅದನ್ನು ಹಿಡಿಯೋಕೆ ಚಗಳಿ, ಅಂದರೆ ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ, ಸಾಕಿದ್ದೇನೆ. "ಚಗಳಿ ಸಾಕಿದ್ರೆ ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದಂಥ, ರಸ ಹೀರುವ ಹುಳ) ತುಂಬುತ್ತೆ, ಆಮೇಲೆ ಅಳ್ತೀಯ" ಅಂದವರೇ ಈಗ ಗೂಡು ಕೇಳಿಕೊಂಡು ಬರುತ್ತಿದ್ದಾರೆ. ಹೊಸ ಹುಚ್ಚು ಅಂತಲೂ ಅಂದಿದ್ದರು. ಚೀನಾದಲ್ಲಿ ಕಿತ್ತಳೆ ತೋಟಕ್ಕೆ ಇದೇ ಇರುವೆ ಗೂಡು ಮಾರುತ್ತಿದ್ದ ಬಗ್ಗೆ ಕ್ರಿ.ಶ. 304ರ ಹೊತ್ತಿನ ಬರಹವೇ ಇದೆ!

ಮೊದಲೆಲ್ಲ ಚಿಗುರಿಗೊಂದು, ಹೂವಿಗೊಂದು, ಕಾಯಿಗೊಂದು ಸ್ಪ್ರೇ. ಔಷಧಿ, ಪೆಟ್ರೋಲು, ಆಳಿನ ಕೂಲಿ ಸೇರಿ ವರ್ಷಕ್ಕೆ 18–20 ಸಾವಿರ ಹೋಗುತ್ತಿತ್ತು. ಗುಡ್ಡೆಗೆ ನೀರು ಹೊರುವ ಕರ್ಮ ಬೇರೆ. ಇಷ್ಟಾದರೂ ಮೋಡ ಕವಿದರೆ ಗೊಂಚಲು ಕರಟಿ ಹೋಗುತ್ತಿತ್ತು. ಪಕ್ಕದ ಪೇರಳೆ, ಕೊಕ್ಕೋದಲ್ಲಿ ಉಳಿದ ಸೊಳ್ಳೆ ವಾಪಸ್ ಬರುತ್ತಿತ್ತು. ಚಗಳಿ ಕಾಟಕ್ಕೆ ಆಳುಗಳು ಹತ್ತಿರ ಹೋಗದ ಒಂದು ಹಳೇ ಮರದಲ್ಲಿ ಮಾತ್ರ ಗೊಂಚಲು ಹಸಿರಾಗಿರುತ್ತಿತ್ತು. ಅಲ್ಲಿಂದ ಶುರು.

ಮೊದಲ ವರ್ಷ ಸಿಕ್ಕ ಗೂಡನ್ನೆಲ್ಲ ಚೀಲಕ್ಕೆ ಕತ್ತರಿಸಿ ತಂದು ಕಟ್ಟಿದೆ. ಮಳೆಗಾಲದ ಹೊತ್ತಿಗೆ ಎಲ್ಲಾ ಖಾಲಿ. ಒಂದು ಕುಟುಂಬದ ಗೂಡುಗಳು ಹತ್ತಾರು ಮರಗಳಲ್ಲಿರುತ್ತವೆ, ರಾಣಿ ಇರುವುದು ಒಂದರಲ್ಲಿ. ಆ ಗೂಡು ತರದಿದ್ದರೆ ಕೆಲವೇ ತಿಂಗಳ ಆಟ. ರಾಣಿ ಗೂಡನ್ನು ಹೊರಗಿನಿಂದ ಗುರುತಿಸೋಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಸದ್ಯಕ್ಕೆ ಹೇಳಲ್ಲ.

ಮುಂದಿನ ವರ್ಷ ರಾಣಿ ಸಮೇತ ಎರಡು ಕುಟುಂಬ ತಂದೆ. ಕೊಂಬೆ ತಾಗುವ ಮರಗಳಲ್ಲಿ ಬಿಟ್ಟಿದ್ದೇ ತಡ, ಯುದ್ಧ. ಬೆಳಿಗ್ಗೆ ನೋಡಿದರೆ ಒಂದರ ಕಾಲು ಇನ್ನೊಂದು ಕಚ್ಚಿ ಹಿಡಿದ ಹೆಣಗಳು ತರಗೆಲೆ ಮೇಲೆ. ಈಗ ಒಂದು ಕುಟುಂಬಕ್ಕೆ ಹತ್ತು ಹನ್ನೆರಡು ಮರ. ಅಷ್ಟರೊಳಗೆ ಇರುವೆ ದಾಟೋಕೆ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಹಗ್ಗ, ಆಚೆ ಕುಟುಂಬದ ಗಡಿಯಲ್ಲಿ ಕೊಂಬೆ ಸವರೋದು. ಮೊದಲೇ ಕರಿ ಇರುವೆ ಸೇರಿದ್ದ ಮರಕ್ಕೆ ಚಗಳಿ ಕಾಲಿಡಲ್ಲ. ಬುಡದಲ್ಲಿ ಬೆಲ್ಲದ ಪಾಕ ಇಟ್ಟು ಕರಿಯರನ್ನು ಇಳಿಸಿದೆ. ಪಾಕಕ್ಕೆ ಏನು ಸೇರಿಸಿದೆ ಅನ್ನೋದೂ ಗುಟ್ಟು.

ಹಿಟ್ಟು ತಿಗಣೆ ಬಂದೇ ಬರುತ್ತೆ, ಸುಳ್ಳು ಹೇಳಲ್ಲ. ಚಗಳಿ ಮೀಸೆಯಿಂದ ತಟ್ಟುತ್ತದೆ, ತಿಗಣೆ ಸಿಹಿ ಹನಿ ಬಿಡುತ್ತದೆ. ಅದೇ ಅದರ ಸಂಬಳ. ಒಂದು ಸಾಲಿನಲ್ಲಿ ಬೇಕೆಂದೇ ಬೇವಿನೆಣ್ಣೆ ಹೊಡೆದು ತಿಗಣೆ ಇಳಿಸಿ ನೋಡಿದೆ. ಚಗಳಿ ಓಡಾಟವೂ ಇಳಿಯಿತು, ಸೊಳ್ಳೆ ಬಂದು ಕೂತಿತು. ಈಗ ತೀರಾ ಮುತ್ತಿದ ತುದಿ ಮಾತ್ರ ಚಿವುಟುತ್ತೇನೆ.

ಸೊಳ್ಳೆ ಮೊಟ್ಟೆ ಚಿಗುರಿನೊಳಗಿರುತ್ತೆ, ಹೊರಗೆ ಕಾಣೋದು ಎರಡು ಬಿಳಿ ಕೂದಲಿನಂಥ ಎಳೆ ಅಷ್ಟೆ. ಚಗಳಿಗೆ ಅದು ಸಿಗಲ್ಲ. ಮರಿ ಹೊರಬಂದರೆ ಬಿಡಲ್ಲ. ಬೆನ್ನ ಮೇಲೆ ಗುಂಡುಸೂಜಿಯಂಥ ಮುಳ್ಳಿದ್ದ ಒಂದನ್ನು ನಾಲ್ಕು ಇರುವೆಗಳು ನಾಲ್ಕು ಕಡೆ ಕಾಲೆಳೆದು ಚಪ್ಪಟೆ ಮಾಡಿ ಹಿಡಿದಿದ್ದು ಕಂಡಿದ್ದೇನೆ.

ಜೇನ್ನೊಣ ಹೆದರುತ್ತೆ ಅಂತ ನನಗೂ ಅನುಮಾನ ಇತ್ತು. ಇರುವೆ ನಿಂತ ಹೂವನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತವೆ, ಅಷ್ಟೇ. ಔಷಧಿ ನಿಂತ ಮೇಲೆ ಪೆಟ್ಟಿಗೆಯಲ್ಲಿ ಹುಳ ಜಾಸ್ತಿಯೇ ಆಗಿದೆ. ನೆನಪಿನ ಲೆಕ್ಕದಲ್ಲಿ ಮೊದಲು ಎಂಟು ಕ್ವಿಂಟಲ್ ಬೀಜ, ಈಗ ಹತ್ತರ ಆಸುಪಾಸು. ಹಗ್ಗ, ಕೊಂಬೆ ಸವರುವ ಕೂಲಿ ಸೇರಿ ನಾಲ್ಕೈದು ಸಾವಿರ ಖರ್ಚು. ಹೆಕ್ಕುವವರಿಗೆ ಕಚ್ಚಿಸಿಕೊಳ್ಳುವುದಕ್ಕೆ ದಿನಕ್ಕೆ ಐವತ್ತು ರೂಪಾಯಿ ಹೆಚ್ಚಿಗೆ ಕೊಡುತ್ತೇನೆ. ಕಾಲಿಗೆ ಬೂದಿ ಬಳಿದುಕೊಂಡರೆ ಹತ್ತುವುದು ಕಮ್ಮಿ.

ರಂಬುಟಾನಿಗೂ ಬಿಟ್ಟು ನೋಡಿದೆ, ಫೇಲು. ಹಣ್ಣಿನ ಕೂದಲ ಸಂದಿಗೆಲ್ಲ ತಿಗಣೆ ತುಂಬಿತು, ಕೊಯ್ಯಲು ಯಾರೂ ಮರ ಹತ್ತಲಿಲ್ಲ. ಗೇರುಬೀಜ ತಾನಾಗಿ ಬೀಳುತ್ತೆ ಅನ್ನೋದೇ ಇಲ್ಲಿ ದೊಡ್ಡ ಅನುಕೂಲ. ಹೆಚ್ಚಾದ ಗೂಡಿನ ಇರುವೆ ಚಟ್ನಿಗೆ. ಇರುವೆಗಳ ನಡುವೆ ಅವುಗಳದೇ ವೇಷ ಹಾಕಿದ ಜೇಡವೂ ಇದೆ. ಮುಂಗಾಲೆರಡನ್ನು ಮೀಸೆಯಂತೆ ಆಡಿಸುತ್ತೆ, ಮುಟ್ಟಿದರೆ ನೂಲು ಬಿಟ್ಟು ನೇತಾಡುತ್ತೆ. ಇರುವೆ ನೂಲಲ್ಲಿ ನೇತಾಡಲ್ಲ ಅಲ್ವಾ? ಅಲ್ಲಿ ಸಿಕ್ಕಿಬಿದ್ದಿತು.

ಪುತ್ತೂರಿನ ಭಾಸ್ಕರ ಗೇರು ತಳಿ ಸೊಳ್ಳೆಯಿಂದ ಸ್ವಲ್ಪ ತಪ್ಪಿಸಿಕೊಳ್ಳುತ್ತೆ. ಅದರ ಹೊಸ ಸಾಲಿಗೆ ಚಗಳಿ ಬಿಡದೆ ಹೋಲಿಸಿ ನೋಡುತ್ತಿದ್ದೇನೆ. ಗೂಡು ಬೇಕಾದವರು ಮಳೆ ಬಿಟ್ಟ ಮೇಲೆ ಬನ್ನಿ. ಚೀಲ, ಕತ್ತರಿ ನೀವೇ ತರಬೇಕು, ಹತ್ತುವುದೂ ನೀವೇ.