ಕೂದಲೆಳೆ ಅಂತರದ ಆಫ್‌ಸೈಡ್: ವಿಡಿಯೊ ನೋಡಿ ತೀರ್ಪು ಕೊಡುವ ಬಗೆ

ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿದು ಮುಂಗಾರು ಹಿಡಿಯುವವರೆಗಿನ ಏಪ್ರಿಲ್, ಮೇ ತಿಂಗಳುಗಳು ಪಂದ್ಯಾವಳಿಗಳ ಕಾಲ. ಒಂದೆಡೆ ಕೊಡವ ಕುಟುಂಬಗಳ ಹಾಕಿ ನಡೆದರೆ, ಇನ್ನೊಂದೆಡೆ ಸುಂಟಿಕೊಪ್ಪದಂಥ ಊರುಗಳಲ್ಲಿ ಫುಟ್‌ಬಾಲ್ ನಡೆಯುತ್ತದೆ. ಗೆರೆಯ ಬದಿಯಲ್ಲಿ ಬಾವುಟ ಹಿಡಿದು ನಿಲ್ಲುವ ನಮ್ಮಂಥವರಿಗೆ ಈಗ ಪ್ರತಿ ಪಂದ್ಯದಲ್ಲೂ ಒಂದು ಪರೀಕ್ಷೆ ಕಾದಿರುತ್ತದೆ. ಗೋಲು ರದ್ದಾದ ಮರುಕ್ಷಣವೇ ಯಾರಾದರೊಬ್ಬರು ಮೊಬೈಲ್ ಹಿಡಿದುಕೊಂಡು ಬಂದು, "ಸಾರ್, ಇಲ್ಲಿ ನೋಡಿ, ಆಫ್‌ಸೈಡ್ ಅಲ್ಲವೇ ಅಲ್ಲ" ಎನ್ನುತ್ತಾರೆ. ಸಹ ಆಟಗಾರ ಚೆಂಡು ಒದೆಯುವ ಕ್ಷಣದಲ್ಲಿ ಫಾರ್ವರ್ಡ್ ಚೆಂಡನ್ನೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನನ್ನೂ ದಾಟಿ ಗೋಲಿನ ಹತ್ತಿರ ಇರುವುದೇ ಆಫ್‌ಸೈಡ್. ಆ ವಿಡಿಯೊವನ್ನು ಹೇಗೆ ನೋಡಬೇಕು, ಅದನ್ನು ನಂಬಿ ಎಷ್ಟು ಹೇಳಬಹುದು, ಎಲ್ಲಿ ಸುಮ್ಮನಾಗಬೇಕು ಎಂಬುದನ್ನು ವೃತ್ತಿಪರ ಪಂದ್ಯಗಳ ವಿಡಿಯೊ ರೆಫರಿಗಳು, ಅಂದರೆ ವಿಎಆರ್‌ನವರು, ಅನುಸರಿಸುವ ಕ್ರಮವನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಹಾಕಿ ನೋಡಿ ಬೆಳೆದ ನಮ್ಮ ಜಿಲ್ಲೆಯವರು ಮೊದಲು ಎರಡು ರೂಢಿಗಳನ್ನು ಬದಿಗಿಡಬೇಕು. ಹಾಕಿಯಲ್ಲಿ ಆಫ್‌ಸೈಡ್ ನಿಯಮವನ್ನು 1990ರ ದಶಕದ ಕೊನೆಯಲ್ಲೇ ಕೈಬಿಡಲಾಯಿತು. ಕೊಡವ ಕುಟುಂಬಗಳ ಹಾಕಿ ಉತ್ಸವ ಕರಡದಲ್ಲಿ ಆರಂಭವಾದದ್ದೂ 1997ರಲ್ಲಿ. ಹೀಗಾಗಿ ಇಲ್ಲಿನ ಒಂದು ಇಡೀ ತಲೆಮಾರಿನ ಕಣ್ಣಿಗೆ ಆಫ್‌ಸೈಡ್ ಗೆರೆಯನ್ನು ಹಿಂಬಾಲಿಸುವ ಅಭ್ಯಾಸವೇ ಆಗಿಲ್ಲ. ಎರಡನೆಯದು ರೆಫರಲ್. ಹಾಕಿಯಲ್ಲಿ ತಂಡವೇ ವಿಡಿಯೊ ಪರಿಶೀಲನೆ ಕೇಳಬಹುದು, ಆದರೆ ವಿಎಆರ್ ಇರುವ ಫುಟ್‌ಬಾಲ್ ಪಂದ್ಯದಲ್ಲಿ ಆಟಗಾರನಿಗಾಗಲೀ ಕೋಚ್‌ಗಾಗಲೀ ಆ ಹಕ್ಕಿಲ್ಲ. 2018ರಲ್ಲಿ ನಿಯಮಾವಳಿಗೆ ಸೇರಿದ ಈ ವ್ಯವಸ್ಥೆಯಲ್ಲಿ ವಿಡಿಯೊ ರೆಫರಿ ಪ್ರತಿಯೊಂದು ಗೋಲನ್ನೂ ಯಾರೂ ಕೇಳದೆಯೇ ಪರಿಶೀಲಿಸುತ್ತಾನೆ. ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್ ಮತ್ತು ತಪ್ಪಾದ ಆಟಗಾರನಿಗೆ ಕಾರ್ಡ್ ತೋರಿಸಿದ ಸಂದರ್ಭ ಇವೇ ಅವನ ವ್ಯಾಪ್ತಿಯ ಮುಖ್ಯ ವಿಷಯಗಳು.

ವಿಡಿಯೊ ಕೈಗೆತ್ತಿಕೊಂಡಾಗ ಮೊದಲು ನಿಲ್ಲಿಸಬೇಕಾದ ಫ್ರೇಮ್ ಯಾವುದೆಂದು ಗೊತ್ತುಮಾಡಿಕೊಳ್ಳಿ. ಪಾಸ್ ಕೊಡುವವನ ಕಾಲು ಚೆಂಡಿಗೆ ಮೊದಲು ತಾಗಿದ ಕ್ಷಣವೇ ನಿರ್ಣಾಯಕ. ಚೆಂಡು ಕಾಲನ್ನು ಬಿಟ್ಟ ಕ್ಷಣವಲ್ಲ, ಫಾರ್ವರ್ಡ್‌ಗೆ ಅದು ತಲುಪಿದ ಕ್ಷಣವಂತೂ ಅಲ್ಲವೇ ಅಲ್ಲ. ಗೋಲ್‌ಕೀಪರ್ ಕೈಯಿಂದ ಎಸೆದ ಚೆಂಡಿಗೆ ಮಾತ್ರ, ಅದು ಕೈಯಿಂದ ಬಿಡುವ ಕೊನೆಯ ಕ್ಷಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕೇಳಲು ಸುಲಭವಾದ ಈ ಕೆಲಸದಲ್ಲೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ.

ಕೆಲವು ವರ್ಷಗಳ ಹಿಂದೆ ನಾನು ಲೈನ್ಸ್‌ಮನ್ ಆಗಿದ್ದ ಒಂದು ಪಂದ್ಯದಲ್ಲಿ ಕೊನೆಯ ಗಳಿಗೆಯ ಗೋಲಿಗೆ ಬಾವುಟ ಎತ್ತಿದೆ. ಪಂದ್ಯ ಮುಗಿದ ಮೇಲೆ ಗಾಜು ಒಡೆದ ಒಂದು ಮೊಬೈಲಿನಲ್ಲಿ ಆ ದೃಶ್ಯವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿದೆವು. ಒಂದು ಫ್ರೇಮಿನಲ್ಲಿ ಬೂಟಿಗೂ ಚೆಂಡಿಗೂ ಇನ್ನೂ ಒಂದು ಗೇಣು ಅಂತರವಿತ್ತು, ಫಾರ್ವರ್ಡ್‌ನ ಮಂಡಿ ಡಿಫೆಂಡರ್‌ಗಿಂತ ಹಿಂದಿತ್ತು. ಮುಂದಿನ ಫ್ರೇಮಿನಲ್ಲಿ ಚೆಂಡು ಆಗಲೇ ಒಂದು ಮೊಳ ಮುಂದೆ ಹೋಗಿತ್ತು, ಅದೇ ಮಂಡಿ ಡಿಫೆಂಡರ್‌ನನ್ನು ದಾಟಿತ್ತು. ಚೆಂಡಿಗೆ ಕಾಲು ತಾಗಿದ ಫ್ರೇಮ್ ಆ ವಿಡಿಯೊದಲ್ಲಿ ಇರಲೇ ಇಲ್ಲ. ಎರಡೂ ತಂಡದವರು ತಮಗೆ ಬೇಕಾದ ಫ್ರೇಮನ್ನು ಹಿಡಿದು ವಾದಿಸುತ್ತಿದ್ದರು.

ಇದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. ಸಾಮಾನ್ಯ ಮೊಬೈಲ್ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ. ಕಾಲು ಮತ್ತು ಚೆಂಡಿನ ಸ್ಪರ್ಶವಾದರೋ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ ಇರುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವ ಫಾರ್ವರ್ಡ್ ಎರಡು ಫ್ರೇಮ್‌ಗಳ ನಡುವೆ ಸುಮಾರು 27 ಸೆಂಟಿಮೀಟರ್ ಮುಂದೆ ಸಾಗಿರುತ್ತಾನೆ. ಅದೇ ಹೊತ್ತಿಗೆ ಡಿಫೆಂಡರ್ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಎದುರು ದಿಕ್ಕಿಗೆ ಬರುತ್ತಿದ್ದರೆ, ಇಬ್ಬರ ನಡುವಿನ ಅಂತರ ಒಟ್ಟು 40 ಸೆಂಟಿಮೀಟರ್ ಬದಲಾಗುತ್ತದೆ. ಸೆಕೆಂಡಿಗೆ 50 ಚಿತ್ರಗಳ ಕ್ಯಾಮೆರಾದಲ್ಲಿಯೂ ಈ ಬದಲಾವಣೆ 24 ಸೆಂಟಿಮೀಟರಿನಷ್ಟಿರುತ್ತದೆ. ಹಾಗಿರುವಾಗ ಅಂಥ ಚಿತ್ರದ ಮೇಲೆ ಗೆರೆ ಎಳೆದು, ಒಂದು ಬೆರಳಗಲದ ಆಫ್‌ಸೈಡ್ ಎಂದು ಸಾರುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ನಾನು ಪಾಲಿಸುವ ಕ್ರಮ ಇದು. ಸ್ಪರ್ಶಕ್ಕೆ ಮೊದಲಿನ ಒಂದು ಫ್ರೇಮ್, ಸ್ಪರ್ಶದ ನಂತರದ ಒಂದು ಫ್ರೇಮ್, ಇವೆರಡನ್ನೂ ನೋಡಿ. ಎರಡರಲ್ಲೂ ಆಫ್‌ಸೈಡ್ ಎಂದೇ ಕಂಡರೆ ಆಫ್‌ಸೈಡ್. ಎರಡರಲ್ಲೂ ಅಲ್ಲವೆಂದು ಕಂಡರೆ ಅಲ್ಲ. ಒಂದರಲ್ಲಿ ಹೌದು, ಇನ್ನೊಂದರಲ್ಲಿ ಅಲ್ಲ ಎಂದಾದರೆ ಮೈದಾನದಲ್ಲಿ ಕೊಟ್ಟ ತೀರ್ಪೇ ಉಳಿಯಬೇಕು. ಅಂದಿನ ಪಂದ್ಯದಲ್ಲಿ ನನ್ನ ಬಾವುಟ ಉಳಿದದ್ದು ಈ ಕಾರಣಕ್ಕೇ ಹೊರತು, ನನ್ನ ಕಣ್ಣು ಸರಿಯೆಂದು ವಿಡಿಯೊ ಸಾಬೀತುಮಾಡಿದ್ದರಿಂದಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ 2021–22ರಿಂದ ದಪ್ಪ ಗೆರೆಗಳನ್ನು ಬಳಸಿ, ಇಬ್ಬರ ಗೆರೆಗಳು ಒಂದನ್ನೊಂದು ತಾಗಿದರೆ ಫಾರ್ವರ್ಡ್‌ಗೆ ಅನುಕೂಲ ಕೊಡುವ ಪದ್ಧತಿಗೆ ಬಂದಿತು. 2022ರ ಕತಾರ್ ವಿಶ್ವಕಪ್‌ನಲ್ಲಿ ಛಾವಣಿಯ ಕೆಳಗಿನ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುತ್ತಿತ್ತು. ಒದೆತದ ಕ್ಷಣವನ್ನು ಹಿಡಿಯುವುದೇ ಕಷ್ಟವೆಂದು ಅರಿತೇ ಚೆಂಡಿಗೆ ಹತ್ತು ಪಟ್ಟು ವೇಗದ ಕಣ್ಣಿಟ್ಟರು.

ಫ್ರೇಮ್ ಸಿಕ್ಕಿದ ಮೇಲೆ ಸ್ಥಾನವನ್ನು ಅಳೆಯಬೇಕು. ಎದುರಾಳಿಯ ಅರ್ಧದಲ್ಲಿರುವ ಆಟಗಾರನ ತಲೆ, ಮುಂಡ ಅಥವಾ ಕಾಲಿನ ಯಾವುದೇ ಭಾಗ ಚೆಂಡಿಗಿಂತಲೂ, ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲ್ ಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. ಸಮಸಮವಾಗಿದ್ದರೆ ಆಫ್‌ಸೈಡ್ ಅಲ್ಲ. ಈ ರಿಯಾಯಿತಿ 1990ರಿಂದ ಇದೆ. ಕೈ ಲೆಕ್ಕಕ್ಕಿಲ್ಲ, ಕಂಕುಳಿನ ತಳದ ಮಟ್ಟದಿಂದ ಕೈ ಆರಂಭವಾಗುತ್ತದೆ, ಹೀಗಾಗಿ ಭುಜ ಲೆಕ್ಕಕ್ಕಿದೆ. "ಕೊನೆಯ ಡಿಫೆಂಡರ್" ಎಂಬ ಮಾತನ್ನು ಮರೆತುಬಿಡುವುದೇ ಒಳ್ಳೆಯದು. ಕತಾರ್ ವಿಶ್ವಕಪ್‌ನ ಉದ್ಘಾಟನಾ ಪಂದ್ಯದ ಮೂರನೇ ನಿಮಿಷದಲ್ಲೇ ಈಕ್ವೆಡಾರ್‌ನ ಎನ್ನರ್ ವಲೆನ್ಸಿಯಾ ಹೊಡೆದ ಗೋಲು ರದ್ದಾದಾಗ ಅನೇಕರು ತಬ್ಬಿಬ್ಬಾದದ್ದು ಇದೇ ಕಾರಣಕ್ಕೆ. ಹಿಂದೆ ಒಬ್ಬ ಡಿಫೆಂಡರ್ ಇದ್ದನಲ್ಲ ಎಂದು ಅವರು ಕೇಳಿದರು. ಸಾಮಾನ್ಯವಾಗಿ ಕೊನೆಯವನಾಗಿರುವ ಗೋಲ್‌ಕೀಪರ್ ಮುಂದೆ ನುಗ್ಗಿ ಬಂದಿದ್ದರಿಂದ ಆ ಡಿಫೆಂಡರ್ ಕೊನೆಯವನಾಗಿದ್ದ, ಎಣಿಸಬೇಕಾದದ್ದು ಅವನಿಗಿಂತ ಮುಂದಿದ್ದ ಇನ್ನೊಬ್ಬನನ್ನು.

ಕ್ಯಾಮೆರಾ ನಿಂತ ಜಾಗವೂ ಕಣ್ಣಿಗೆ ಮೋಸ ಮಾಡುತ್ತದೆ. ಮಧ್ಯಗೆರೆಯ ಬಳಿ ನಿಂತು ತೆಗೆದ ವಿಡಿಯೊದಲ್ಲಿ, ಡಿಫೆಂಡರ್‌ಗೆ ಸಮವಾಗಿರುವ ಫಾರ್ವರ್ಡ್ ಕ್ಯಾಮೆರಾದ ಹತ್ತಿರದ ಬದಿಯಲ್ಲಿದ್ದರೆ ಮುಂದಿರುವಂತೆಯೂ, ದೂರದ ಬದಿಯಲ್ಲಿದ್ದರೆ ಹಿಂದಿರುವಂತೆಯೂ ತೋರುತ್ತಾನೆ. ಲೈನ್ಸ್‌ಮನ್ ಗೆರೆಗಿಂತ ಗೋಲಿನ ಕಡೆಗೆ ಜಾರಿ ನಿಂತರೆ ಇದೇ ತಪ್ಪು ತಿರುಗುಮುರುಗಾಗಿ ಆಗುತ್ತದೆ. ಇದನ್ನು ಸರಿಪಡಿಸಲು ಸ್ಥಿರ ಚಿತ್ರದ ಮೇಲೆ ಗೋಲ್ ಗೆರೆಯನ್ನೂ, ಅದಕ್ಕೆ ಸಮಾನಾಂತರವಾದ ಪೆನಾಲ್ಟಿ ಅಂಕಣದ ಗೆರೆಯನ್ನೂ ಅವು ಸೇರುವ ಬಿಂದುವಿನವರೆಗೆ ಹಿಗ್ಗಿಸಿ, ಆ ಬಿಂದುವಿನಿಂದ ಡಿಫೆಂಡರ್‌ನ ಪಾದದ ಮೂಲಕ ಗೆರೆ ಎಳೆಯಬೇಕು. ಭುಜವೋ ಮಂಡಿಯೋ ಮುಂದಿದ್ದರೆ ಅಲ್ಲಿಂದ ನೆಲಕ್ಕೆ ತೂಗುಗುಂಡಿನ ದಾರದಂತೆ ನೇರ ಗೆರೆ ಇಳಿಸಿದ ಮೇಲೆಯೇ ಹೋಲಿಸಬೇಕು. ಮಳೆಗೆ ಸುಣ್ಣದ ಗೆರೆ ಅಳಿಸಿಹೋದ ಮೈದಾನದಲ್ಲಿ ಈ ವಿಧಾನ ನಡೆಯದು. ಪಂದ್ಯಕ್ಕೆ ಮೊದಲು ಹೊಸದಾಗಿ ಸುಣ್ಣ ಎಳೆಸಿಕೊಳ್ಳಿ. ಸಾಧ್ಯವಾದರೆ ಮೊಬೈಲನ್ನು ಗೋಲ್ ಗೆರೆಯಿಂದ 16.5 ಮೀಟರ್ ದೂರದ ಪೆನಾಲ್ಟಿ ಗೆರೆಯ ನೇರಕ್ಕೆ, ಎತ್ತರದಲ್ಲಿ ಕಟ್ಟಿ, ಸೆಕೆಂಡಿಗೆ 240 ಫ್ರೇಮ್‌ಗಳ ಸ್ಲೋ ಮೋಷನ್‌ಗೆ ಹಾಕಿ. ಆಗ ಎಂಟು ಮೀಟರ್ ವೇಗದವನು ಫ್ರೇಮಿಗೆ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ಮಾತ್ರ ಸರಿಯುತ್ತಾನೆ.

ಸ್ಥಾನ ಆಫ್‌ಸೈಡ್ ಆದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಅವನು ಚೆಂಡು ಮುಟ್ಟಿದನೇ, ಕೀಪರ್‌ನ ದೃಷ್ಟಿಗೆ ಅಡ್ಡ ನಿಂತನೇ, ಚೆಂಡಿಗಾಗಿ ಎದುರಾಳಿಯೊಡನೆ ಸೆಣಸಿದನೇ ಎಂದು ನೋಡಬೇಕು. ಸ್ಥಾನ ಎಂಬುದು ಅಳತೆಯ ವಿಷಯವಾದ್ದರಿಂದ ವಿಡಿಯೊ ರೆಫರಿ ಹೇಳಿದರೆ ಸಾಕು. ಅಡ್ಡಿಪಡಿಸಿದನೇ ಎಂಬುದು ವಿವೇಚನೆಯ ವಿಷಯವಾದ್ದರಿಂದ ಸಾಮಾನ್ಯವಾಗಿ ಮೈದಾನದ ರೆಫರಿಯೇ ಬದಿಯ ಪರದೆಯ ಬಳಿ ಹೋಗಿ ನೋಡುತ್ತಾರೆ. ಡಿಫೆಂಡರ್ ಹತೋಟಿಯಿಂದ, ಉದ್ದೇಶಪೂರ್ವಕವಾಗಿ ಆಡಿದ ಚೆಂಡು ಫಾರ್ವರ್ಡ್‌ಗೆ ಸಿಕ್ಕರೆ ಆಫ್‌ಸೈಡ್ ಇಲ್ಲ, ಆದರೆ ಗೋಲಿಗೆ ಹೋಗುತ್ತಿದ್ದ ಚೆಂಡನ್ನು ತಡೆದಾಗ ಪುಟಿದು ಸಿಕ್ಕರೆ ಆಫ್‌ಸೈಡ್ ಉಳಿಯುತ್ತದೆ. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ಗಳಿಂದ ನೇರವಾಗಿ ಬಂದ ಚೆಂಡಿಗೆ ಈ ಪ್ರಶ್ನೆಯೇ ಏಳದು.

ಪರಿಶೀಲನೆ ಆರಂಭಿಸುವ ಮೊದಲು ಮೈದಾನದ ತೀರ್ಪು ಏನಿತ್ತು ಎಂಬುದನ್ನು ಬಾಯಿಬಿಟ್ಟು ಹೇಳಿ, ಇನ್ನೊಬ್ಬರಿಂದಲೂ ಹೇಳಿಸಿ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ಸರಿಯಾದ ಗೋಲು ಕೈತಪ್ಪಿದ್ದು ಗೆರೆಯ ತಪ್ಪಿನಿಂದಲ್ಲ. ಗೆರೆ ಸರಿಯಾಗಿಯೇ ಆನ್‌ಸೈಡ್ ಎಂದಿತ್ತು, ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದು ಭಾವಿಸಿದ ವಿಡಿಯೊ ರೆಫರಿ, ಪರಿಶೀಲನೆ ಮುಗಿಯಿತು ಎಂದಷ್ಟೇ ಹೇಳಿಬಿಟ್ಟರು.

ವಿಎಆರ್ ಇರುವ ಪಂದ್ಯದಲ್ಲಿ ಗೋಲಿನ ಅವಕಾಶ ಕಣ್ಣೆದುರೇ ಇದ್ದರೆ ಲೈನ್ಸ್‌ಮನ್ ಬಾವುಟವನ್ನು ತಡೆಹಿಡಿದು, ದಾಳಿ ಮುಗಿದ ಮೇಲೆ ಎತ್ತುತ್ತಾನೆ. ನಮ್ಮ ಮೈದಾನಗಳಲ್ಲಿ ಹಿಂದಿರುಗಿ ನೋಡುವ ವ್ಯವಸ್ಥೆ ಇಲ್ಲವಾದ್ದರಿಂದ ಹಾಗೆ ಕಾಯಬಾರದು. ಖಚಿತವಿದ್ದರೆ ಕೂಡಲೇ ಎತ್ತಿ, ಇಲ್ಲವಾದರೆ ಎತ್ತಬೇಡಿ. ಬಾವುಟ ಎತ್ತಿದ ಮೇಲೆ ಇಂಡೈರೆಕ್ಟ್ ಫ್ರೀ ಕಿಕ್ ಕೊಡಿಸಬೇಕಾದದ್ದು ಆ ಆಟಗಾರ ಚೆಂಡು ಮುಟ್ಟಿದ ಅಥವಾ ಅಡ್ಡಿಪಡಿಸಿದ ಜಾಗದಿಂದ. ಅವನು ಹಿಂದಕ್ಕೆ ಓಡಿಬಂದು ತನ್ನದೇ ಅರ್ಧದಲ್ಲಿ ಚೆಂಡು ಮುಟ್ಟಿದ್ದರೂ ಕಿಕ್ ಅಲ್ಲಿಂದಲೇ.